ಪದಚರ್ಚೆ: ಕೌದಿಯ ‘ಹೊಲಿಗೆ’ ಒಂದೋ, ಎರಡೋ? ಜೊತೆಗೆ ಹೊಲಿಗೆ ಯಂತ್ರದ ಕೆಲವು ಹೆಸರುಗಳು

ಎಲ್ಲರಿಗೂ ನಮಸ್ಕಾರ.

ಕೌದಿ ಹೊಲಿಯುವವರು ಯಂತ್ರ ಕೊಳ್ಳುವಾಗ ಅದರಲ್ಲಿ ಏನೇನು ಇದೆಯೆಂದು ನೋಡಿಕೊಳ್ಳಬೇಕು ಎಂಬುದನ್ನು ತಿಳಿಸುವ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಸೂಜಿ, ದಾರ, ಬಾಬಿನ್, ಟೆನ್ಷನ್ ಇವುಗಳಿಗೆ ತೊಂದರೆಯಿಲ್ಲ, ಎಲ್ಲರ ಬಾಯಲ್ಲೂ ಇರುವ ಮಾತುಗಳು. ‘ಕ್ವಿಲ್ಟ್’ಗೆ ಕೌದಿ ಇದ್ದೇ ಇದೆ. ನಾನು ಸಿಕ್ಕಿಕೊಂಡಿರುವುದು ‘ಹೊಲಿ’ ಎಂಬ ಸಣ್ಣ ಕ್ರಿಯಾಪದದಲ್ಲಿ.

ಕೌದಿಯಲ್ಲಿ ಎರಡು ಬೇರೆಯೇ ಕೆಲಸಗಳಿವೆ. ಬಟ್ಟೆಯ ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಮೇಲ್ಹಾಸು ಮಾಡುವುದು ಒಂದು. ಆ ಮೇಲ್ಹಾಸು, ನಡುವಿನ ಹತ್ತಿಯ ಪದರ, ಅಡಿಯ ಬಟ್ಟೆ ಮೂರನ್ನೂ ಒಟ್ಟಿಗೆ ಹಿಡಿದು ಉದ್ದಕ್ಕೂ ಹೊಲಿಗೆ ಓಡಿಸುವುದು ಇನ್ನೊಂದು. ಇಂಗ್ಲಿಷಿನವರು ಮೊದಲನೆಯದನ್ನು ಪೀಸಿಂಗ್ ಎನ್ನುತ್ತಾರೆ, ಎರಡನೆಯದಕ್ಕೆ ಕ್ವಿಲ್ಟಿಂಗ್ ಎಂಬ ಹೆಸರನ್ನು ಮೀಸಲಿಟ್ಟಿದ್ದಾರೆ. ನಾವು ಎರಡಕ್ಕೂ ‘ಹೊಲಿಯುವುದು’ ಎಂದುಬಿಡುತ್ತೇವೆ. ಮಾತಿನಲ್ಲಿ ಅದು ನಡೆಯುತ್ತದೆ, ಆದರೆ ಯಂತ್ರದ ಗುಣ ಹೇಳುವಾಗ ನಡೆಯುವುದಿಲ್ಲ. ಸಿಂಗರ್ 221, ಅಂದರೆ 1933ರಲ್ಲಿ ಬಂದ ಫೆದರ್‌ವೇಟ್ ಯಂತ್ರವನ್ನೇ ನೋಡಿ. ತೂಕ ಸುಮಾರು 5 ಕಿಲೋ, ಬರುವುದು ನೇರ ಹೊಲಿಗೆ ಮಾತ್ರ. ತುಂಡು ಜೋಡಿಸುವವರು ಇವತ್ತಿಗೂ ಅದನ್ನು ಹುಡುಕಿ ಕೊಳ್ಳುತ್ತಾರೆ. ಅದೇ ಯಂತ್ರದಲ್ಲಿ ದೊಡ್ಡ ಹಾಸಿಗೆಯ ಅಳತೆಯ ಮೂರು ಪದರಗಳನ್ನು ಹೊಲಿಯಲು ಕೂತರೆ ಬಟ್ಟೆಯ ರಾಶಿಗೆ ಜಾಗವೇ ಸಾಲದು. ‘ಕೌದಿ ಹೊಲಿಯಲು ಒಳ್ಳೆಯ ಯಂತ್ರ’ ಎಂದು ಬರೆದರೆ ಅರ್ಧ ಓದುಗರಿಗೆ ತಪ್ಪು ದಾರಿ ತೋರಿಸಿದಂತೆ. ಹಾಗಾಗಿ ಸದ್ಯಕ್ಕೆ ಮೊದಲನೆಯದನ್ನು ‘ಜೋಡಣೆ’, ಎರಡನೆಯದನ್ನು ‘ಪದರಹೊಲಿಗೆ’ ಎಂದು ಕರೆದಿದ್ದೇನೆ. ‘ಪದರಹೊಲಿಗೆ’ ಎಂದರೆ ಪದರಗಳು ಜಾರದಂತೆ ಮೊದಲು ಹಾಕಿ ಆಮೇಲೆ ಬಿಚ್ಚಿಬಿಡುವ ಕಚ್ಚಾ ಹೊಲಿಗೆ ಎಂದು ಯಾರಾದರೂ ತಿಳಿದಾರೇ ಎಂಬ ಅಳುಕು ಉಳಿದಿದೆ.

ಜೋಡಣೆಯಲ್ಲಿ ಎಲ್ಲರೂ ಮೊದಲು ಕೇಳುವುದು ಕಾಲಿಂಚು ಫುಟ್. ಫುಟ್ ಎಂದರೆ ಇಲ್ಲಿ ಅಳತೆಯಲ್ಲ, ಸೂಜಿಯ ಬಳಿ ಬಟ್ಟೆಯನ್ನು ಮೇಲಿನಿಂದ ಅದುಮಿ ಹಿಡಿಯುವ ಭಾಗ. ಹೊಲಿಗೆಗೆಂದು ಬಿಡುವ ಅಂಚು ಕಾಲು ಇಂಚು, ಅಂದರೆ 6.35 ಮಿಲಿಮೀಟರ್. ಇದರಲ್ಲಿ ಒಂದು ಮಿಲಿಮೀಟರ್ ಹೆಚ್ಚಾದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ: ಎಂಟು ತುಂಡುಗಳ ಸಾಲಿಗೆ ಏಳು ಹೊಲಿಗೆ, ಪ್ರತಿ ಹೊಲಿಗೆಯೂ ಎರಡು ಕಡೆಯಿಂದ ಒಂದೊಂದು ಮಿಲಿಮೀಟರ್ ತಿನ್ನುತ್ತದೆ, ಕೊನೆಗೆ ಸಾಲು 14 ಮಿಲಿಮೀಟರ್ ಕುಗ್ಗಿ ಪಕ್ಕದ ಸಾಲಿನೊಂದಿಗೆ ಕೂಡುವುದೇ ಇಲ್ಲ. ನುರಿತವರು ಮಡಿಕೆಗೆ ಹೋಗುವ ಬಟ್ಟೆಯನ್ನೂ ಎಣಿಸಿ ಕಾಲಿಂಚಿಗಿಂತ ತುಸು ಒಳಗೇ ಹೊಲಿಯುತ್ತಾರೆ. ಇದನ್ನು ‘ಎಳೆ ಕಮ್ಮಿ ಕಾಲಿಂಚು’ ಎಂದು ಬರೆದಿದ್ದೇನೆ. ಕಿವಿಗೆ ಹಿತವಾಗಿದೆ, ಅರ್ಥವೂ ತಕ್ಷಣ ಆಗುತ್ತದೆ ಎಂದು ನನ್ನ ನಂಬಿಕೆ. ಸೂಜಿ ಇಳಿಯುವ ತೂತಿರುವ ತಗಡೇ ಸೂಜಿ ಪ್ಲೇಟು; ಒಂದೇ ದುಂಡು ತೂತಿರುವ ಪ್ಲೇಟಿಗೆ ‘ಒಂಟಿತೂತಿನ ಪ್ಲೇಟು’ ಸಾಕು. ಸಾಮಾನ್ಯ ಪ್ಲೇಟಿನ ಅಗಲ ತೂತಿನಲ್ಲಿ ಆಗುವಂತೆ ಸೂಜಿ ಬಟ್ಟೆಯ ಮೂಲೆಯನ್ನು ಎಳೆದುಕೊಂಡು ಹೋಗದಂತೆ ತಡೆಯುವುದು ಅದರ ಕೆಲಸ.

ಪದರಹೊಲಿಗೆಯ ಕಡೆ ತಿರುಗಿದರೆ ತೊಡಕು ಹೆಚ್ಚು. ಬಟ್ಟೆಯನ್ನು ಅಡಿಯಿಂದ ಸಾಗಿಸುವ ಹಲ್ಲುಹಲ್ಲಾದ ಭಾಗ, ಫೀಡ್ ಡಾಗ್ ಎಂಬುದನ್ನು ‘ನಾಯಿ’ ಎಂದು ಯಾರೂ ಅನುವಾದಿಸಲಾರರು ಎಂದುಕೊಂಡಿದ್ದೇನೆ. ಯಂತ್ರಗಳ ಮಾತಿನಲ್ಲಿ ‘ಡಾಗ್’ ಎಂದರೆ ಕಚ್ಚಿ ಹಿಡಿಯುವ ಬಿಡಿಭಾಗ. ಬಟ್ಟೆಯ ಅಡಿಯಲ್ಲಿ ಮೇಲೇಳುವುದು, ಬಟ್ಟೆಯನ್ನು ಆಚೆಗೆ ತಳ್ಳುವುದು, ಕೆಳಗಿಳಿಯುವುದು, ಇದ್ದಲ್ಲಿಗೆ ಮರಳುವುದು: ಅಮೆರಿಕದ ಅಲೆನ್ ವಿಲ್ಸನ್ 1854ರಲ್ಲಿ ಪೇಟೆಂಟ್ ಪಡೆದ ಈ ನಾಲ್ಕು ನಡೆಗಳೇ ಇಂದಿನ ಮನೆ ಯಂತ್ರಗಳಲ್ಲೂ ಇವೆ. ‘ನೂಕುಹಲ್ಲು’ ಎಂದರೆ ರೂಪ, ಕೆಲಸ ಎರಡೂ ಬಂದವು. ಟೈಲರಿಂಗ್ ಬಲ್ಲವರು ಬರೀ ‘ಹಲ್ಲು’ ಸಾಕು ಎಂದರೆ ಅದಕ್ಕೂ ನನ್ನ ಒಪ್ಪಿಗೆಯಿದೆ.

ಹಲ್ಲು ಅಡಿಯ ಪದರವನ್ನಷ್ಟೇ ತಳ್ಳುತ್ತದೆ. ಮೇಲಿನದು ಫುಟ್ಟಿನ ಒತ್ತಡಕ್ಕೆ ಸಿಕ್ಕಿ ಹಿಂದೆ ಬೀಳುತ್ತದೆ, ಸುಕ್ಕು ಕಟ್ಟುತ್ತದೆ. ಅದಕ್ಕೇ ವಾಕಿಂಗ್ ಫುಟ್ ಬೇಕು. ಅದಕ್ಕೆ ತನ್ನದೇ ಹಲ್ಲುಗಳಿವೆ. ಸೂಜಿ ಬಿಗಿಯುವ ತಿರುಪಿನ ಮೇಲೆ ಅದರದೊಂದು ಸಣ್ಣ ತೋಳು ಕೂತಿರುತ್ತದೆ, ಸೂಜಿ ಏಳುವಾಗ ಬೀಳುವಾಗ ತಾನೂ ಹೆಜ್ಜೆಯಿಟ್ಟು ಮೇಲಿನ ಪದರವನ್ನು ಕೆಳಗಿನದರ ಜೊತೆಯಲ್ಲೇ ಸಾಗಿಸುತ್ತದೆ. ‘ನಡೆಯುವ ಪಾದ’ ಎಂದು ಬರೆದದ್ದನ್ನು ಹೊಡೆದುಹಾಕಿದೆ. ಅದರಲ್ಲಿ ಪದರಗಳು ಸಮನಾಗಿ ಸಾಗುವ ಮುಖ್ಯ ಸಂಗತಿಯೇ ಇಲ್ಲ. ‘ಸಮನಡೆ ಫುಟ್’ ನನಗೆ ತುಂಬ ಹಿಡಿಸಿದೆ. ‘ಫುಟ್’ ಅನ್ನು ‘ಪಾದ’ ಮಾಡುವ ಅಗತ್ಯ ಕಾಣಲಿಲ್ಲ, ಯಂತ್ರದ ಮುಂದೆ ಕೂತವರು ಆಡುವ ಮಾತು ಫುಟ್ಟೇ.

ಸೂಜಿಯಿಂದ ಬಲಗಡೆಯ ಕಂಬದವರೆಗಿನ ಜಾಗಕ್ಕೆ ಇಂಗ್ಲಿಷಿನಲ್ಲಿ ಥ್ರೋಟ್ ಎನ್ನುತ್ತಾರೆ. ಸುತ್ತಿದ ಕೌದಿ ತೂರಬೇಕಾದದ್ದು ಇಲ್ಲಿಯೇ. ಸಾಮಾನ್ಯ ಮನೆ ಯಂತ್ರದಲ್ಲಿ ಆರೇಳು ಇಂಚು ಇದ್ದರೆ ಕೌದಿಯವರಿಗೆಂದೇ ಮಾಡಿದವುಗಳಲ್ಲಿ ಒಂಬತ್ತು, ಹನ್ನೊಂದು ಇಂಚು ಸಿಗುತ್ತದೆ. ನನ್ನನ್ನು ಕೇಳಿದರೆ ಉಳಿದೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ, ಏಕೆಂದರೆ ಫುಟ್ಟನ್ನು ಆಮೇಲೆ ತಂದು ಹಾಕಿಕೊಳ್ಳಬಹುದು, ಈ ಜಾಗವನ್ನು ಹಿಗ್ಗಿಸಲಾಗದು. ‘ಗಂಟಲು’ ಬೇಡ, ಸೂಜಿ ಪ್ಲೇಟನ್ನೂ ಕೆಲವರು ಥ್ರೋಟ್ ಪ್ಲೇಟ್ ಎನ್ನುವುದರಿಂದ ಗೊಂದಲವಾಗುತ್ತದೆ. ಯಂತ್ರದ ಮೇಲಿನ ಅಡ್ಡತೋಳಿನ ಅಡಿ ಇರುವುದರಿಂದ ‘ತೋಳಡಿ ಜಾಗ’ ಎಂದರೆ ಹೇಗೆ?

ನಿಲ್ಲಿಸಿದಾಗ ಸೂಜಿ ಬಟ್ಟೆಯಲ್ಲೇ ಕೆಳಗಿರುವಂತೆ ಮಾಡುವ ಗುಂಡಿ, ಮೊಣಕಾಲಿನಿಂದ ಫುಟ್ ಎತ್ತುವ ಸಲಾಕೆ, ದಾರ ಕತ್ತರಿಸುವ ಗುಂಡಿ ಇವಕ್ಕೆ ಹೊಸ ಪದ ಕಟ್ಟದೆ ಹೀಗೇ ಬಿಡಿಸಿ ಹೇಳುತ್ತೇನೆ.

ಫ್ರೀ ಮೋಷನ್ ಮಾತ್ರ ಬಗೆಹರಿದಿಲ್ಲ. ನೂಕುಹಲ್ಲನ್ನು ಕೆಳಗಿಳಿಸಿ, ಬಟ್ಟೆಯನ್ನು ಕೈಯಿಂದಲೇ ಬೇಕಾದ ಕಡೆಗೆ ಸರಿಸುತ್ತ ಬಳ್ಳಿ, ಸುರುಳಿ ಬಿಡಿಸುವ ಹೊಲಿಗೆ ಇದು. ಪ್ರತಿ ಹೊಲಿಗೆಯ ಉದ್ದವೂ ಕೈಯ ವೇಗ ಮತ್ತು ಸೂಜಿಯ ವೇಗಗಳ ಹೊಂದಾಣಿಕೆಯಿಂದ ಬರುತ್ತದೆ. ‘ಮುಕ್ತ ಚಲನೆ’ ಎಂದರೆ ಏನು ಮುಕ್ತ, ಯಾವುದರಿಂದ ಮುಕ್ತ ಎಂದು ತಿಳಿಯದು. ಸಮನಡೆಯ ಜೊತೆಗೆ ‘ಕೈನಡೆ ಹೊಲಿಗೆ’ ಎಂದರೆ ಜೋಡಿ ಚೆನ್ನಾಗಿ ಕೂರುತ್ತದೆ. ಆದರೆ ಕೇಳುವವರಿಗೆ ಅದು ಕೈಹೊಲಿಗೆ ಎಂದೇ ಕೇಳಿಸೀತು, ಯಂತ್ರವೇ ಮರೆಯಾದೀತು. ‘ಬಿಡುನಡೆ’ ಎಂದರೆ ಆ ಗೊಂದಲವಿಲ್ಲ, ಆದರೆ ಕೈಯ ಪಾತ್ರ ಕಾಣೆಯಾಗುತ್ತದೆ.

ಇವೆರಡರಲ್ಲಿ ಯಾವುದು ವಾಸಿ? ಅಥವಾ ಇದಕ್ಕಾಗಲೀ ‘ಪದರಹೊಲಿಗೆ’ಗಾಗಲೀ ಹೊಲಿಯುವವರ ನಡುವೆ ಬಳಕೆಯಲ್ಲಿರುವ ಪದ ನಿಮಗೆ ಗೊತ್ತಿದ್ದರೆ, ಯಾವ ಸಂದರ್ಭದಲ್ಲಿ ಹೇಗೆ ಹೇಳುತ್ತಾರೆಂದು ಒಂದು ವಾಕ್ಯದ ಸಮೇತ ತಿಳಿಸಿ. ಅಂಥ ಪದ ಸಿಕ್ಕರೆ ನಾನು ಕಟ್ಟಿದ್ದನ್ನು ತೆಗೆದು ಅದನ್ನೇ ಹಾಕುತ್ತೇನೆ.