ಬಲೆ ಚೆನ್ನಾಗಿ ಕಟ್ಟುವ ಟ್ಯಾರಂಟುಲಾ ಯಾವುದು? ಜಿಬಿಬಿಯೋ, ಬಾಲ್‌ಫೋರಿಯೋ?

ಎಂಟುಕಾಲು ಕೇಳಿದ್ದು:

ಮೊದಲ ಟ್ಯಾರಂಟುಲಾ (ಮೈತುಂಬ ಕೂದಲಿರುವ ದೊಡ್ಡ ಜೇಡ) ತರಬೇಕೆಂದಿದ್ದೇನೆ. ಇರುವುದು ಜರ್ಮನಿಯಲ್ಲಿ, ಸಾಕಣೆಯಲ್ಲೇ ಹುಟ್ಟಿದ ಮರಿಗಳು ಇಲ್ಲಿ ಸುಲಭವಾಗಿ ಸಿಗುತ್ತವೆ. ತಿಂಗಳುಗಟ್ಟಲೆ ಬಿಲದಿಂದ ಮುಖ ಹೊರಹಾಕದ ಜಾತಿ ಬೇಡ, ಪೆಟ್ಟಿಗೆ ತುಂಬ ಬಲೆ ಕಟ್ಟುವಂಥದ್ದು ಬೇಕು. ಪಟ್ಟಿಯಲ್ಲಿ ಉಳಿದಿರುವುದು ಮೂರು: ಗ್ರೀನ್ ಬಾಟಲ್ ಬ್ಲೂ (ಜಿಬಿಬಿ), ಮೊನೊಸೆಂಟ್ರೋಪಸ್ ಬಾಲ್‌ಫೋರಿ, ಓಬಿಟಿ (ಆರೆಂಜ್ ಬಬೂನ್ ಟ್ಯಾರಂಟುಲಾ). ಪೆಟ್ಟಿಗೆ 30×30×30 ಸೆಂ.ಮೀ. ಗಾಜಿನದು, ಮೇಲಿನಿಂದ ತೆರೆಯುವಂಥದ್ದು, ಮುಚ್ಚಳಕ್ಕೆ ಲೋಹದ ಜಾಲರಿ ಇದೆ. ಚಳಿಗಾಲದಲ್ಲಿ ಕೋಣೆ 20–21 ಡಿಗ್ರಿ. ಯಾವುದು ತರಲಿ? ಕೆಳಗೆ ಹೀಟ್ ಮ್ಯಾಟ್ (ಬಿಸಿ ಮಾಡುವ ಹಾಸು) ಬೇಕೇ?

ನೂಲುಗಾರ:

ಜಿಬಿಬಿ ತನ್ನಿ. ಕ್ರೊಮಟೊಪೆಲ್ಮಾ ಸಯನಿಯೊಪ್ಯೂಬೆಸೆನ್ಸ್. ಉತ್ತರ ವೆನೆಜುವೆಲಾದ ಪರಾಗ್ವಾನಾ ಪರ್ಯಾಯ ದ್ವೀಪದ್ದು. ಒಣ ಸೀಮೆ, ಮುಳ್ಳು ಪೊದೆ, ಕಳ್ಳಿ. ಅಲ್ಲಿ ಅದು ಪೊದೆಯ ಬುಡ, ಬೇರಿನ ಸಂದುಗಳಲ್ಲಿ ನೂಲು ಸುತ್ತಿ ಮನೆ ಮಾಡಿಕೊಳ್ಳುತ್ತದೆ. ಹಾಗಾಗಿ ಬಲೆ ಮಣ್ಣಿನ ಮೇಲೆಯೇ ಇರುತ್ತದೆ, ಹುಳವೂ ಕಣ್ಣಿಗೆ ಬೀಳುತ್ತದೆ.

ಓಬಿಟಿ ಬಲೆಯ ವಿಷಯದಲ್ಲಿ ನೂರಕ್ಕೆ ನೂರು. ಆದರೆ ಮುಚ್ಚಳ ತೆಗೆದರೆ ಸಾಕು, ಮುಂಗಾಲೆತ್ತಿ ನಿಲ್ಲುತ್ತದೆ, ಕಚ್ಚಲು ಹಿಂದೆಮುಂದೆ ನೋಡುವುದಿಲ್ಲ. ಕಚ್ಚಿದರೆ ತೀವ್ರ ನೋವು, ಸ್ನಾಯುಸೆಳೆತ. ಮೊದಲ ಹುಳವಾಗಿ ಅದನ್ನು ತರುವುದು ತಲೆನೋವನ್ನು ಕಾಸು ಕೊಟ್ಟು ಕೊಂಡಂತೆ. ಬಾಲ್‌ಫೋರಿ ಯೆಮೆನ್‌ಗೆ ಸೇರಿದ ಸೊಕೋತ್ರಾ ದ್ವೀಪದ್ದು. ಸ್ವಭಾವ ಓಬಿಟಿಗಿಂತ ವಾಸಿ, ವೇಗ ಮತ್ತು ವಿಷ ಮಾತ್ರ ಹಳೇ ಜಗತ್ತಿನ (ಆಫ್ರಿಕಾ, ಏಷ್ಯಾದ) ಜಾತಿಗಳದ್ದೇ. ಬಿಲವನ್ನೂ ತೋಡುತ್ತದೆ, ಆದ್ದರಿಂದ 12–15 ಸೆಂ.ಮೀ. ಆಳದ ಮಣ್ಣು ಬೇಕು. ಅದನ್ನು ಎರಡನೆಯದೋ ಮೂರನೆಯದೋ ಆಗಿ ತನ್ನಿ.

ಜಿಬಿಬಿ ಕೂಡ ಸಾಧು ಎಂದುಕೊಳ್ಳಬೇಡಿ. ಚುರುಕಾಗಿ ಓಡುತ್ತದೆ, ಹೊಟ್ಟೆಯ ಮೇಲಿನ ತುರಿಕೆ ಕೂದಲನ್ನು ಹಿಂಗಾಲಿನಿಂದ ಉದುರಿಸುತ್ತದೆ. ಬಲೆಯಲ್ಲೂ ಆ ಕೂದಲು ಸಿಕ್ಕಿಕೊಂಡಿರುತ್ತದೆ, ಹಾಗಾಗಿ ಹಳೇ ಬಲೆ ಮುಟ್ಟುವಾಗ ಕೈಗವಸು ಹಾಕಿ, ಕಣ್ಣು ಉಜ್ಜಬೇಡಿ.

ಕೊಳ್ಳುವಾಗ 4–5 ಸೆಂ.ಮೀ. ಕಾಲಳತೆಯ (ಕಾಲು ಚಾಚಿದಾಗ ತುದಿಯಿಂದ ತುದಿಗೆ) ಹುಳ ಸಾಕು. ತೀರಾ ಸಣ್ಣ ಮರಿಗೆ ಹೊಟ್ಟೆಯ ಮೇಲೆ ಕಿತ್ತಳೆ-ಕಪ್ಪು ಪಟ್ಟೆ ಇರುತ್ತದೆ, ನೋಡಲು ಚೆಂದ, ಆದರೆ ನೀರಿನ ಅಂದಾಜು ತಪ್ಪಿದರೆ ಬೇಗ ಸಾಯುತ್ತದೆ. ಹೆಣ್ಣೆಂದು ಖಾತ್ರಿಯಾದದ್ದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತನ್ನಿ. ಹೆಣ್ಣು ಹತ್ತು ವರ್ಷಕ್ಕೂ ಮೇಲೆ ಬಾಳುತ್ತದೆ. ಗಂಡು ಪ್ರೌಢವಾದ ಮೇಲೆ ಬಲೆ ಬಿಟ್ಟು ಹೆಣ್ಣು ಹುಡುಕುತ್ತಾ ಅಲೆಯುತ್ತದೆ, ಬಹುಪಾಲು ವರ್ಷದೊಳಗೆ ಮುಗಿಯುತ್ತದೆ.

ಗೂಡುಮನೆ:

ಜಾತಿ ಆಯಿತು. ಆದರೆ ಖಾಲಿ ಪೆಟ್ಟಿಗೆಯಲ್ಲಿ ಬಿಟ್ಟರೆ ಜಿಬಿಬಿಯೂ ಮೂಲೆಯಲ್ಲಿ ಒಂದು ಚಾಪೆ ಹಾಸಿ ಸುಮ್ಮನಾಗುತ್ತದೆ. ನೂಲು ಕಟ್ಟಲು ಹಿಡಿ ಬೇಕು. ಬಲೆಯ ಅಂದ ನಿರ್ಧಾರವಾಗುವುದು ನೀವು ಕಡ್ಡಿ ನೆಡುವ ದಿನವೇ.

ತಳಕ್ಕೆ ಕೋಕೋಪೀಟ್ 8–10 ಸೆಂ.ಮೀ., ಹಿಂದೆ ಎತ್ತರ, ಮುಂದೆ ತಗ್ಗು. ಇಟ್ಟಿಗೆಯಂಥ ಕೋಕೋಪೀಟ್ ನೆನೆಸಿದ್ದರೆ ಹಿಂಡಿ, ಅಗಲಕ್ಕೆ ಹರಡಿ, ಮುಷ್ಟಿಯಲ್ಲಿ ಒತ್ತಿದರೂ ಉಂಡೆ ನಿಲ್ಲದಷ್ಟು ಒಣಗಿಸಿ. ಹಸಿ ಮಣ್ಣಿಗೆ ಜಿಬಿಬಿ ಕಾಲಿಡುವುದೇ ಇಲ್ಲ, ಗಾಜಿಗೆ ಅಂಟಿಕೊಂಡು ಕೂರುತ್ತದೆ. ಆಮೇಲೆ ಕಾರ್ಕ್ ತೊಗಟೆಯ ಒಂದು ಅರ್ಧ ಕೊಳವೆಯನ್ನು ಹಿಂದಿನ ಮೂಲೆಗೆ ಓರೆಯಾಗಿ ಒರಗಿಸಿ, ಬುಡವನ್ನು ಮಣ್ಣಿನೊಳಗೆ 3 ಸೆಂ.ಮೀ. ಹೂತುಬಿಡಿ. ಅದರಿಂದ ಮುಂದಕ್ಕೆ ಬೆರಳು ದಪ್ಪದ ನಾಲ್ಕೈದು ಒಣ ಕೊಂಬೆಗಳು, ಒಂದಕ್ಕೊಂದು ಅಡ್ಡವಾಗಿ, 5–8 ಸೆಂ.ಮೀ. ಅಂತರದಲ್ಲಿ. ಅಂತರ ಇದಕ್ಕಿಂತ ಹೆಚ್ಚಾದರೆ ನೂಲು ನೆಲಕ್ಕಿಳಿಯುತ್ತದೆ. ತೀರಾ ಒತ್ತಾದರೆ ಬಿಳಿ ಗೋಡೆಯಾಗಿ ಹುಳವೇ ಕಾಣದು. ಭಾರದ ಕಲ್ಲನ್ನು ಮಣ್ಣಿನ ಮೇಲಿಡಬೇಡಿ. ಹುಳ ಅಡಿ ತೋಡಿದರೆ ಅದರ ಮೇಲೆಯೇ ಕುಸಿಯುತ್ತದೆ.

ನಿಮ್ಮ ಪೆಟ್ಟಿಗೆಯ ನಿಜವಾದ ತೊಂದರೆ ಮುಚ್ಚಳ. ಎರಡು ಕಾರಣ. ಒಂದು, ಲೋಹದ ಜಾಲರಿಯ ಸಂದಿಗೆ ಕಾಲ ತುದಿಯ ಉಗುರು ಸಿಕ್ಕಿಕೊಂಡು ಹುಳ ನೇತಾಡುತ್ತದೆ, ಕಾಲು ಕಳೆದುಕೊಳ್ಳುವುದೂ ಉಂಟು. ಅದನ್ನು ತೆಗೆದು 3 ಮಿ.ಮೀ. ತೂತು ಕೊರೆದ ಅಕ್ರಿಲಿಕ್ ಹಾಳೆ ಹಾಕಿ. ಸಣ್ಣ ಮರಿಯಾದರೆ ತೂತು 1–2 ಮಿ.ಮೀ. ಎದುರುಬದುರು ಪಕ್ಕಗಳಲ್ಲೂ ತೂತಿದ್ದರೆ ಗಾಳಿ ಆಡುತ್ತದೆ. ಎರಡು, ಕೊಂಬೆ ಮುಚ್ಚಳ ಮುಟ್ಟುವಂತಿದ್ದರೆ ಬಲೆಯೂ ಮುಚ್ಚಳಕ್ಕೆ ಅಂಟುತ್ತದೆ. ಆಮೇಲೆ ತೆರೆದಾಗಲೆಲ್ಲ ಬಲೆ ಹರಿದು, ಹುಳ ನಿಮ್ಮ ಕೈಯತ್ತ ಹಾರುತ್ತದೆ. ಕೊಂಬೆಯ ತುದಿ ಮುಚ್ಚಳಕ್ಕಿಂತ 6 ಸೆಂ.ಮೀ. ಕೆಳಗೇ ನಿಲ್ಲಲಿ. ಇನ್ನೂ ಕೊಂಡಿಲ್ಲವಾದರೆ ಮುಂಬಾಗಿಲಿನದೇ ಒಳ್ಳೆಯದು.

ಇನ್ನೊಂದು ಮಾತು, 30 ಸೆಂ.ಮೀ. ಘನ ದೊಡ್ಡ ಹುಳಕ್ಕೆ. 4–5 ಸೆಂ.ಮೀ. ಮರಿಗೆ ಮೊದಲು ಅಂಗೈಯಗಲದ ಡಬ್ಬಿ ಸಾಕು, ಇಲ್ಲವಾದರೆ ಆಹಾರವೇ ಅದಕ್ಕೆ ಸಿಗದು.

ನೂಲುಗಾರ:

ಹೀಟ್ ಮ್ಯಾಟ್ ಬಿಟ್ಟುಹೋಗಿತ್ತು. ಕೆಳಗೆ ಬೇಡವೇ ಬೇಡ. ಬಿಸಿಯಾದರೆ ಟ್ಯಾರಂಟುಲಾ ಕೆಳಕ್ಕೆ ತೋಡುತ್ತದೆ, ಅಲ್ಲಿ ಮ್ಯಾಟ್ ಕಾದು ಕುಳಿತಿರುತ್ತದೆ. 20–21 ಡಿಗ್ರಿಯಲ್ಲಿ ಸಾಯುವುದಿಲ್ಲ. ತಿನ್ನುವುದು, ಬೆಳೆಯುವುದು, ನೂಲುವುದು ನಿಧಾನವಾಗುತ್ತದೆ ಅಷ್ಟೆ. 24–26 ಬೇಕಿದ್ದರೆ ಕೋಣೆಯನ್ನೇ ಬೆಚ್ಚಗಿಡಿ.

ಎಂಟುಕಾಲು:

ಇಬ್ಬರಿಗೂ ಧನ್ಯವಾದ. ಬಲೆ ತುಂಬಿದ ಮೇಲೆ ನೀರು, ಊಟ, ಸ್ವಚ್ಛತೆ ಹೇಗೆ? ನೀರಿನ ಬಟ್ಟಲೂ ಬಲೆಯಲ್ಲಿ ಮುಚ್ಚಿಹೋಗುತ್ತದಂತೆ.

ಗೂಡುಮನೆ:

ಮುಚ್ಚಿಯೇ ಮುಚ್ಚುತ್ತದೆ. ಬಟ್ಟಲನ್ನು ಮುಂದಿನ ಮೂಲೆಯಲ್ಲಿ, ಕೊಂಬೆಗಳಿಂದ ದೂರ ಇಡಿ. ಆದರೂ ಮುಚ್ಚಿದರೆ ಬಾಟಲಿಯ ಮೂತಿಯಿಂದ ಬಟ್ಟಲಿಗೆ ಬಿಡಿ, ನಾಲ್ಕು ಹನಿ ಬಲೆಯ ಅಂಚಿಗೂ ಬೀಳಲಿ, ಅಲ್ಲಿಂದಲೂ ಕುಡಿಯುತ್ತದೆ. ಮರಿಗಳಿಗೆ ಮಣ್ಣಿನ ಒಂದು ಮೂಲೆ ಮಾತ್ರ ವಾರಕ್ಕೊಮ್ಮೆ ತೇವ ಮಾಡಿ.

ಈ ಬಲೆಯಲ್ಲಿ ಅಂಟಿಲ್ಲ, ತೋಟದ ಜೇಡದ ಚಕ್ರಬಲೆಯ ಹಾಗಲ್ಲ. ಜಿರಳೆಯೋ ಕ್ರಿಕೆಟ್ ಕೀಟವೋ ಅದರ ಮೇಲೆ ನಡೆದರೆ ಕಂಪನ ಹುಳಕ್ಕೆ ಗೊತ್ತಾಗುತ್ತದೆ, ಅಷ್ಟೇ ಅದರ ಕೆಲಸ. ಆಹಾರವನ್ನು ಬಲೆಯ ಮೇಲೆ ಬಿಡಿ, ಕೆಳಗಲ್ಲ. ಅಡಿಗೆ ನುಸುಳಿದ ಜಿರಳೆ ಮತ್ತೆ ಕೈಗೆ ಸಿಗುವುದಿಲ್ಲ. ಗಾತ್ರ ಹುಳದ ಹೊಟ್ಟೆಗಿಂತ ದೊಡ್ಡದಿರಬಾರದು. ಮರಿಗೆ ಐದಾರು ದಿನಕ್ಕೊಮ್ಮೆ, ದೊಡ್ಡದಕ್ಕೆ ಹತ್ತು-ಹದಿನಾಲ್ಕು ದಿನಕ್ಕೊಮ್ಮೆ. 24 ಗಂಟೆಯೊಳಗೆ ತಿನ್ನದಿದ್ದರೆ ತೆಗೆಯಿರಿ. ಪೊರೆ ಬಿಡಲು ಅಂಗಾತ ಮಲಗಿದ ಹುಳವನ್ನು ಕ್ರಿಕೆಟ್ ಕಚ್ಚಿ ಕೊಲ್ಲಬಲ್ಲದು. ಪೊರೆ ಬಿಟ್ಟ ಮೇಲೆ ಕೋರೆಹಲ್ಲು ಬಿಳಿಯಿಂದ ಕೆಂಪಾಗಿ, ಕಪ್ಪಾಗುವವರೆಗೆ ಊಟ ಬೇಡ.

ತಿಂದು ಬಿಟ್ಟ ಉಂಡೆಗಳನ್ನು 30 ಸೆಂ.ಮೀ. ಚಿಮಟದಿಂದ ಎತ್ತಿ. ನೂಲಿನಲ್ಲಿ ಸುತ್ತಿಕೊಂಡಿದ್ದರೆ ಎಳೆಯಬೇಡಿ, ಚಿಮಟವನ್ನು ತಿರುವಿದರೆ ಬಿಡಿಸಿಕೊಂಡು ಬರುತ್ತದೆ. ಬಲೆ ಕಂದಾಯಿತೆಂದು ಕಿತ್ತೆಸೆಯಬೇಡಿ. ಬೂಷ್ಟು ಹಿಡಿದ ತುಂಡನ್ನಷ್ಟೇ ಕತ್ತರಿಸಿ.

ಮೊದಲ ಎರಡು-ನಾಲ್ಕು ವಾರ ಏನೂ ಕಟ್ಟದಿದ್ದರೆ ಗಾಬರಿಯಾಗಿ ಕೊಂಬೆ ಜರುಗಿಸುತ್ತಾ ಕೂರಬೇಡಿ, ಜರುಗಿಸಿದಷ್ಟೂ ತಡ. ರಾತ್ರಿ ಮಂದ ಬೆಳಕಿನಲ್ಲಿ ನೋಡಿ: ಹೊಟ್ಟೆಯ ತುದಿಯಲ್ಲಿ ಎರಡು ಉದ್ದನೆಯ ನೂಲುಕಗಳು (ನೂಲು ಬಿಡುವ ಅಂಗಗಳು) ಬೆರಳಿನಂತೆ ಮಡಚಿ ಬಿಚ್ಚುತ್ತಾ, ಹೊಟ್ಟೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಪಟ್ಟಿಪಟ್ಟಿಯಾಗಿ ಬಳಿಯುತ್ತದೆ.

ಧರೆಯಂಚು:

ಕೊಡಗಿನಲ್ಲಿ ನಮ್ಮ ತೋಟದ ಧರೆಯಲ್ಲೇ (ಕಡಿದಾದ ಮಣ್ಣಿನ ಗೋಡೆಯಲ್ಲಿ) ಬಿಲದ ಬಾಯಿಗೆ ಬಿಳಿ ನೂಲು ಹಾಸಿಕೊಂಡ ದೊಡ್ಡ ಜೇಡಗಳಿವೆ. ಅದನ್ನೇ ಸಾಕಬಹುದಲ್ಲ?

ನೂಲುಗಾರ:

ಪಶ್ಚಿಮ ಘಟ್ಟದ ಧರೆಗಳಲ್ಲಿ ಕಿಲೊಬ್ರಾಕಿಸ್ ಕುಲದ ಜೇಡಗಳಿವೆ, ಕಿಲೊಬ್ರಾಕಿಸ್ ಫಿಂಬ್ರಿಯೇಟಸ್ ಅವುಗಳಲ್ಲಿ ಒಂದು. ಬಲೆ ಅದ್ಭುತ, ಸಿಟ್ಟು ಓಬಿಟಿಗೆ ಸಮ. ಹಿಡಿಯಬೇಡಿ. ಅಭಯಾರಣ್ಯ, ಕಾಯ್ದಿಟ್ಟ ಅರಣ್ಯದಿಂದ ತರುವುದು ಅಪರಾಧ. ಸ್ವಂತ ತೋಟದಲ್ಲೂ ವರ್ಷಗಟ್ಟಲೆ ಅದೇ ಬಿಲದಲ್ಲಿ ಬೆಳೆದ ಹೆಣ್ಣನ್ನು ಅಗೆದು ತೆಗೆಯುವಾಗಲೇ ಹೊಟ್ಟೆ ಒಡೆಯುವ ಸಂಭವ ಹೆಚ್ಚು. ಮರದ ಪೊಟರೆಯಲ್ಲಿರುವ ಪೊಸಿಲೊಥೀರಿಯಾ ಕುಲ 2019ರಲ್ಲಿ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಎರಡನೇ ಅನುಬಂಧಕ್ಕೆ ಸೇರಿದೆ. ವಿದೇಶದಿಂದ ಅಂಚೆಯಲ್ಲಿ ತರಿಸುವ ಯೋಚನೆಯೂ ಬೇಡ: 2021ರಲ್ಲಿ ಪೋಲೆಂಡಿನಿಂದ ಬಂದ ಪಾರ್ಸೆಲ್‌ನಲ್ಲಿದ್ದ ನೂರಕ್ಕೂ ಹೆಚ್ಚು ಜೇಡಗಳನ್ನು ಚೆನ್ನೈ ಕಸ್ಟಮ್ಸ್ ಹಿಡಿದಿತ್ತು.

ಕತ್ತಲಾದ ಮೇಲೆ ಕೆಂಪು ಕಾಗದ ಸುತ್ತಿದ ಟಾರ್ಚ್ ಹಿಡಿದು ಧರೆಯ ಮುಂದೆ ಹತ್ತು ನಿಮಿಷ ಅಲುಗದೆ ನಿಲ್ಲಿ. ಕಾಲು ನೆಲಕ್ಕೆ ಬಡಿಯಬೇಡಿ, ಕಂಪನಕ್ಕೆ ಹೆದರಿ ಜೇಡ ಒಳಗೆ ಹೋದರೆ ಆ ರಾತ್ರಿ ಮತ್ತೆ ಬರದಿರಬಹುದು.