ಹೈಬ್ರಿಡ್ ಕಾರಿನ ಪಿಕಪ್: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಕಿರಣ್: ಸರ್, ಆಕ್ಸಿಲರೇಟರ್ ತುಳಿದ್ರೆ ಇಂಜಿನ್ ಒದರುತ್ತೆ, ಗಾಡಿ ಮಾತ್ರ ನಿಧಾನಕ್ಕೆ ಏರುತ್ತೆ. ಬೆಲ್ಟ್ ಜಾರ್ತಿದೆಯಾ?

ಮೆಕ್ಯಾನಿಕ್: ಟೊಯೋಟಾ ಥರದ ಇ-ಸಿವಿಟಿ (ಹೈಬ್ರಿಡ್‌ನ ಆಟೋಮ್ಯಾಟಿಕ್ ಗೇರ್ ವ್ಯವಸ್ಥೆ) ಆದ್ರೆ ಬೆಲ್ಟೇ ಇಲ್ಲ. ಪ್ಲಾನೆಟರಿ ಗೇರ್ (ನಡುವಿನ ಚಕ್ರದ ಸುತ್ತ ತಿರುಗೋ ಹಲ್ಲಿನ ಚಕ್ರಗಳು), ಎರಡು ಮೋಟರ್, ಅಷ್ಟೆ. ಪವರ್ ಬೇಕಾದಾಗ ಮೊದಲು ಇಂಜಿನ್ ಆರ್‌ಪಿಎಂ ಏರುತ್ತೆ. ಸಹಜ.

ಸುಮಾ: ಮೊದಲ ಅರ್ಧ ಗಂಟೆ ಚೆನ್ನಾಗಿ ಹೋಗುತ್ತೆ. ಆಮೇಲೆ ಏರು ಸಿಕ್ಕರೆ ಎಷ್ಟು ತುಳಿದ್ರೂ ಎಳೆಯಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿದ್ರೆ ಸರಿ. ಪೆಡಲ್ ಸೆನ್ಸರ್ ಬದಲಿಸಿ ಅಂತಿದ್ದಾರೆ.

ಮೆಕ್ಯಾನಿಕ್: ಸೆನ್ಸರ್‌ಗೆ ಈಗಲೇ ದುಡ್ಡು ಹಾಕಬೇಡಿ ಸುಮಾ ಅವರೇ. ಪೆಡಲ್‌ನಲ್ಲಿ ಎರಡು ಸೆನ್ಸರ್ ಇರುತ್ತೆ, ಒಂದಕ್ಕೊಂದು ತಾಳೆಯಾಗದಿದ್ರೆ ಸ್ಕ್ಯಾನರ್‌ನಲ್ಲಿ ಪಿ2138 ಅನ್ನೋ ದೋಷದ ಕೋಡ್ ಬರುತ್ತೆ. ಬಿಸಿಯಾದಾಗ ಬಿದ್ದು, ತಣ್ಣಗಾದಾಗ ಏಳೋದು ಬೇರೆ ಕಥೆ: ಕಂಪ್ಯೂಟರೇ ಪವರ್ ಕಟ್ ಮಾಡ್ತಿದೆ.

ಮೊದಲು ಹಿಂದಿನ ಸೀಟಿನ ಪಕ್ಕದ ಜಾಲರಿ ನೋಡಿ. ಹೈಬ್ರಿಡ್ ಬ್ಯಾಟರಿ ಉಸಿರಾಡೋದು ಅಲ್ಲಿಂದ. ಫಿಲ್ಟರ್‌ನಲ್ಲಿ ಧೂಳು, ಕೂದಲು ಕಟ್ಟಿದ್ರೆ, ಮೇಲೆ ಬ್ಯಾಗ್ ಇಟ್ಟಿದ್ರೆ ಬ್ಯಾಟರಿ ಬಿಸಿಯಾಗುತ್ತೆ, ಮೋಟರ್‌ಗೆ ಕರೆಂಟ್ ಇಳಿಯುತ್ತೆ. ಅದು ಸರಿ ಇದ್ರೆ, ಬ್ಯಾಟರಿ ಕರೆಂಟನ್ನು ಮೋಟರ್‌ಗೆ ತಕ್ಕ ಹಾಗೆ ಬದಲಿಸೋ ಇನ್ವರ್ಟರ್‌ನ ಕೂಲಂಟ್ ಪಂಪ್ ನೋಡಿ. ಇನ್ವರ್ಟರ್‌ಗೆ ಇಂಜಿನ್‌ದಲ್ಲದ ಬೇರೆ ಕೂಲಂಟ್ ಟ್ಯಾಂಕ್ ಇರುತ್ತೆ. ಗಾಡಿ ತಣ್ಣಗಿದ್ದಾಗ ಮುಚ್ಚಳ ತೆಗೆದು, ಪಾರ್ಕ್‌ನಲ್ಲಿ 'ರೆಡಿ' ದೀಪ ಬರೋ ಹಾಗೆ ಗಾಡಿ ಆನ್ ಮಾಡಿ, ಟ್ಯಾಂಕ್ ಒಳಗೆ ಇಣುಕಿ: ಕೂಲಂಟ್ ಸುಳಿ ತಿರುಗಬೇಕು. ಇಂಜಿನ್ ತಾನಾಗೇ ಸ್ಟಾರ್ಟ್ ಆಗಬಹುದು, ಕೈ ದೂರ ಇರಲಿ. ಹೈ ವೋಲ್ಟೇಜ್ ಇರೋ ಕಿತ್ತಳೆ ಬಣ್ಣದ ವೈರ್ ಮುಟ್ಟಲೇಬೇಡಿ.

ಗುರು: ಫಾರ್ವರ್ಡ್ ಬಂದಿದ್ದು 👉 12 ವೋಲ್ಟ್ ಬ್ಯಾಟರಿ ನೆಗೆಟಿವ್ ಹತ್ತು ನಿಮಿಷ ಬಿಚ್ಚಿಡಿ, ಪೆಟ್ರೋಲ್ ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿ, ಪಿಕಪ್ ಡಬಲ್!

ಮೆಕ್ಯಾನಿಕ್: ಬ್ಯಾಟರಿ ಬಿಚ್ಚಿದ್ರೆ ಕೋಡ್, ಫ್ರೀಜ್ ಫ್ರೇಮ್ (ದೋಷ ಬಂದ ಕ್ಷಣದ ದಾಖಲೆ) ಅಳಿಸಿಹೋಗಬಹುದು, ಆಮೇಲೆ ನಾನು ಏನು ನೋಡಿ ಹೇಳಲಿ? ನುಸಿಗುಳಿಗೆ ಬೀರುವಿನಲ್ಲಿರಲಿ.

ರಘು: ಪೆಡಲ್‌ಗೆ ಥ್ರಾಟಲ್ ಬಾಕ್ಸ್ ಹಾಕ್ಸಿ. ಗಾಡಿ ಹಾರುತ್ತೆ.

ಆನಂದ್: ಅದು ಪೆಡಲ್ ಕಳಿಸೋ ಸಿಗ್ನಲ್ ಹಿಗ್ಗಿಸುತ್ತೆ ಅಷ್ಟೆ. ಪೂರ್ತಿ ತುಳಿದಾಗ ಬಾಕ್ಸ್ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ.

ರಘು: ಓಡಿಸಿ ನೋಡಿ ಮಾತಾಡಿ.

ಆನಂದ್: ಕಾಲು ಇನ್ನಷ್ಟು ಒತ್ತಿ, ಬಾಕ್ಸಿನ ದುಡ್ಡು ಉಳಿಯುತ್ತೆ.

ರಘು: ಬಿಟ್ಟಿ ಪಾಠ ಬೇಡ.

ನಯನಾ: ಸರ್, ತುಳಿದ್ರೆ ಶಬ್ದ ಜೋರು, ವೇಗ ಕಮ್ಮಿ. ಗೇರ್ ಜಾರ್ತಿದೆಯಾ?

ಮೆಕ್ಯಾನಿಕ್: ಮೇಲೆ ಓದಿ.

ವಿನಯ್: ದೊಡ್ಡ ಟೈರ್ ಹಾಕಿದ್ರೆ ಪಿಕಪ್ ಇಳಿಯುತ್ತಾ?

ಸುಮಾ: ಫಿಲ್ಟರ್ ಚೊಕ್ಕ ಇದೆ. ಇನ್ವರ್ಟರ್ ಟ್ಯಾಂಕಲ್ಲಿ ಕೂಲಂಟ್ ಅಲುಗಾಡ್ತಾನೇ ಇಲ್ಲ.

ಮೆಕ್ಯಾನಿಕ್: ಹಾಗಾದ್ರೆ ಓಡಿಸಬೇಡಿ. ಪಂಪ್ ಕನೆಕ್ಟರ್‌ಗೆ 12 ವೋಲ್ಟ್ ಬರ್ತಿದ್ರೆ ಬಹುಶಃ ಪಂಪ್ ಹೋಗಿದೆ. ಬರದಿದ್ರೆ ಫ್ಯೂಸ್, ರಿಲೇ, ವೈರ್ ನೋಡಿಸಿ. ಹೊಸ ಪಂಪ್ ಹಾಕಿದ ಮೇಲೆ ಕೂಲಂಟ್ ಲೈನಿನ ಗಾಳಿ ಪೂರ್ತಿ ತೆಗೆಸಿ, ಇಲ್ಲದಿದ್ರೆ ಮತ್ತೆ ಇದೇ ಗೋಳು. ಕಂಪನಿ ಹೇಳಿದ ಕೂಲಂಟ್ ಮಾತ್ರ, ನಲ್ಲಿ ನೀರಲ್ಲ.

ಗುರು: ನುಸಿಗುಳಿಗೆ ಒಂದೇ ಹಾಕಿದ್ರೆ?

ವಿನಯ್: ಟೈರ್ ಬಗ್ಗೆ ಕೇಳಿದ್ದೆ ಸರ್…