ಅಮ್ಮನಿಗೆ ಸ್ಮಾರ್ಟ್‌ವಾಚ್ ಕೊಡಿಸಲೇ? ಬಳಸಿದವರು ದಯವಿಟ್ಟು ಹೇಳಿ

ಪ್ರಶ್ನೆ

ನನ್ನ ತಾಯಿಗೆ 71 ವರ್ಷ. ಒಬ್ಬರೇ ಇರುತ್ತಾರೆ. ಫೋನನ್ನು ಒಂದು ಕೋಣೆಯಲ್ಲಿಟ್ಟು ಇನ್ನೊಂದರಲ್ಲಿ ಕೆಲಸ ಮಾಡುತ್ತಿರುತ್ತಾರೆ. ಕರೆ ಎತ್ತದಿದ್ದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತದೆ. ಸ್ಮಾರ್ಟ್‌ವಾಚ್‌ನಿಂದ ನಿಜವಾಗಿ ಪ್ರಯೋಜನವಾದೀತೇ? ಮನೆಗೆ ಸ್ಮಾರ್ಟ್ ಬಲ್ಬ್, ಕ್ಯಾಮೆರಾ ಹಾಕಿಸುವ ಯೋಚನೆಯೂ ಇದೆ. ಜಾಹೀರಾತಿನಲ್ಲಿ ಇರುವುದನ್ನು ಓದಿದ್ದೇನೆ. ಬಳಸಿದವರ ಅನುಭವ ಬೇಕು.

ತಂದೆಗೆ ಕೊಡಿಸಿದ ಮಗಳು

ನಾನು ಅಪ್ಪನಿಗೆ ಕೊಡಿಸಿದ ಮೊದಲ ವಾಚ್ ಮೂರೇ ವಾರದಲ್ಲಿ ಮೇಜಿನ ಖಾನೆ ಸೇರಿತು. ವಾಚ್ ಕೆಟ್ಟಿರಲಿಲ್ಲ. ಅದನ್ನು ದಿನಾ ಚಾರ್ಜಿಗೆ ಇಡಬೇಕಾಗಿತ್ತು, ಅಪ್ಪ ಮರೆಯುತ್ತಿದ್ದರು, ಒಮ್ಮೆ ಬಿಚ್ಚಿಟ್ಟರೆ ಮತ್ತೆ ಕಟ್ಟಿಕೊಳ್ಳುತ್ತಿರಲಿಲ್ಲ. ಆಮೇಲೆ ಸ್ನಾನದ ಮನೆಯ ಬಾಗಿಲ ಪಕ್ಕದಲ್ಲಿಯೇ ಚಾರ್ಜರ್ ಇಟ್ಟೆವು. ಸ್ನಾನಕ್ಕೆ ಹೋಗುವಾಗ ಬಿಚ್ಚಿ ಅಲ್ಲಿ ಇಡುವುದು, ತಿಂಡಿ ಮುಗಿಸಿ ಕಟ್ಟಿಕೊಳ್ಳುವುದು. ಅಂದಿನಿಂದ ಅದು ಅವರ ಕೈಯಲ್ಲಿಯೇ ಇದೆ. ಹಾಗಾಗಿ ಕೊಳ್ಳುವ ಮುನ್ನ ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂಬುದನ್ನೇ ಮೊದಲು ಕೇಳಿ. ಪರದೆಯ ಅಂದ, ನೂರು ಬಗೆಯ ವ್ಯಾಯಾಮದ ಪಟ್ಟಿ ಎಲ್ಲ ಆಮೇಲೆ.

ಇನ್ನೊಂದು ವಿಷಯವನ್ನು ನನಗೆ ಯಾರೂ ಹೇಳಿರಲಿಲ್ಲ. ಹೆಚ್ಚಿನ ವಾಚ್‌ಗಳು ಬ್ಲೂಟೂತ್ ಮೂಲಕ ಫೋನಿಗೆ ಅಂಟಿಕೊಂಡೇ ಬದುಕುತ್ತವೆ. ನಡುವೆ ಎರಡು ಗೋಡೆ ಬಂದರೆ ಸಂಪರ್ಕ ಸೊರಗುತ್ತದೆ. ಫೋನನ್ನು ಮನೆಯಲ್ಲಿ ಬಿಟ್ಟು ವಾಯುವಿಹಾರಕ್ಕೆ ಹೊರಟರೆ ಕೈಯಲ್ಲಿರುವುದು ಬರೀ ಗಡಿಯಾರ. ಬಿದ್ದರೆ ಗುರುತಿಸುವ ಸೌಲಭ್ಯ ಆಪಲ್ ವಾಚ್‌ಗೆ 2018ರಲ್ಲಿ ಬಂತು, ಈಗ ಬೇರೆ ಕೆಲವು ಕಂಪನಿಗಳಲ್ಲೂ ಇದೆ. ಆದರೆ ಬಿದ್ದದ್ದು ಗೊತ್ತಾದ ಮೇಲೆ ಯಾರಿಗಾದರೂ ಕರೆ ಹೋಗಬೇಕಲ್ಲ! ಅದಕ್ಕೆ ಫೋನ್ ಹತ್ತಿರವಿರಬೇಕು, ಇಲ್ಲವೇ ವಾಚ್‌ಗೆ ತನ್ನದೇ ಇ-ಸಿಮ್ (ಒಳಗೇ ಅಡಕವಾಗಿರುವ ಸಿಮ್, ಫೋನಿಲ್ಲದೆಯೂ ಕರೆ ಮಾಡಬಹುದು) ಇರಬೇಕು. ನಿಮ್ಮ ತಾಯಿ ಫೋನನ್ನು ದೂರವಿಡುವವರಾದ್ದರಿಂದ ನಾನಾದರೆ ಇ-ಸಿಮ್ ಇರುವುದನ್ನೇ ಕೊಡಿಸುತ್ತೇನೆ. ಬೀಳುವುದನ್ನು ಗುರುತಿಸುವ ಆಯ್ಕೆ ಚಾಲೂ ಆಗಿದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೀವೇ ನೋಡಿ, ತುರ್ತು ಕರೆಗೆ ನಿಮ್ಮ ಸಂಖ್ಯೆಯನ್ನೂ ಸೇರಿಸಿ. ಗೋಡೆಗೆ ಒರಗಿ ನಿಧಾನವಾಗಿ ಕುಸಿದರೆ ಅದು ಗುರುತಿಸದೇ ಹೋಗಬಹುದು. ಹಾಗಾಗಿ ನಾನು ಸಂಜೆಯ ಕರೆಯನ್ನು ಇಂದಿಗೂ ನಿಲ್ಲಿಸಿಲ್ಲ.

ಕಿವಿ ಮಂದವಿರುವವರು

ನನ್ನದು ಬಹಳ ಚಿಕ್ಕ ಅನುಭವ. ಅಲಾರಾಂ ನನಗೆ ಕೇಳಿಸುವುದಿಲ್ಲ. ಬೆಳಗಿನ ಪ್ರಯಾಣವಿದ್ದರೆ ರಾತ್ರಿಯೆಲ್ಲ ಮತ್ತೆ ಮತ್ತೆ ಎದ್ದು ಗಂಟೆ ನೋಡುತ್ತಿದ್ದೆ. ಈಗ ವಾಚ್ ಮಣಿಕಟ್ಟನ್ನು ತಟ್ಟಿ ಎಬ್ಬಿಸುತ್ತದೆ. ಕರೆ ಬಂದರೂ ಕೈಗೇ ತಿಳಿಯುತ್ತದೆ. ಹೃದಯ ಬಡಿತ, ನಿದ್ರೆಯ ಅಂಕ ಯಾವುದನ್ನೂ ನಾನು ನೋಡುವುದಿಲ್ಲ, ಆದರೂ ಈ ವಾಚ್ ಇಲ್ಲದೆ ಮಲಗಲಾರೆ. ನಿಮ್ಮ ತಾಯಿ ಕರೆ ಎತ್ತದಿರುವುದಕ್ಕೆ ಕಿವಿಯೂ ಕಾರಣವಿರಬಹುದೇ? ಒಮ್ಮೆ ವಿಚಾರಿಸಿ.

ಅಂಕಿಗಳಿಂದ ಹೈರಾಣಾಗಿದ್ದವರು

ಮೊದಲ ಆರು ತಿಂಗಳು ನಾನು ಗಂಟೆಗೊಮ್ಮೆ ಬಡಿತ ನೋಡಿ, ನಾಲ್ಕು ಹೆಚ್ಚಿದ್ದರೆ ಹೆದರುತ್ತಿದ್ದೆ. ಅದು ಹೇಗೆ ಅಳೆಯುತ್ತದೆಂದು ತಿಳಿದ ಮೇಲೆ ಹೆದರಿಕೆ ಇಳಿಯಿತು. ವಾಚಿನ ಬೆನ್ನಿನ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ರಕ್ತದ ಪ್ರಮಾಣ ಏರಿಳಿಯುವುದರಿಂದ ಮರಳಿ ಬರುವ ಬೆಳಕೂ ಏರಿಳಿಯುತ್ತದೆ, ಅದನ್ನೇ ಅದು ಎಣಿಸುತ್ತದೆ. ಪಟ್ಟಿ ಸಡಿಲವಿದ್ದರೆ, ಕೈ ತಣ್ಣಗಿದ್ದರೆ, ಚರ್ಮದಲ್ಲಿ ಹಚ್ಚೆಯಿದ್ದರೆ ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ ಕಟ್ಟಿದರೆ ಉತ್ತಮ.

ದಿನಕ್ಕೆ 10,000 ಹೆಜ್ಜೆಯ ಗುರಿಗೂ ಅಮ್ಮನನ್ನು ಕಟ್ಟಿಹಾಕಬೇಡಿ. ಅದು ವೈದ್ಯರಿಂದ ಬಂದದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಹಬ್ಬಿದ್ದು.

ಎರಡು ವಿಷಯಗಳಲ್ಲಿ ಮಾತ್ರ ಬಹಳ ಎಚ್ಚರವಿರಲಿ. ಸೂಜಿ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚ್‌ಗಳನ್ನು ನಂಬಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಆ ಅಂಕಿ ನೋಡಿ ಇನ್ಸುಲಿನ್ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಇನ್ನು ವಾಚಿನ ಇಸಿಜಿ ಬಡಿತದ ಲಯ ತಪ್ಪಿದ್ದನ್ನು ತೋರಿಸಬಲ್ಲದು, ಹೃದಯಾಘಾತವನ್ನು ಹಿಡಿಯಲಾರದು. ಎದೆ ನೋವು ಬಂದಾಗ ವಾಚ್ ಎಲ್ಲ ಸರಿಯಿದೆ ಎಂದರೂ ಆಸ್ಪತ್ರೆಗೆ ಹೋಗಲೇಬೇಕು ಎಂದು ಅಮ್ಮನಿಗೆ ಮೊದಲೇ ಹೇಳಿಡಿ.

ಮನೆಯ ಸಾಧನಗಳನ್ನು ಜೋಡಿಸುವ ಕೆಲಸದವರು

ಸ್ಮಾರ್ಟ್ ಬಲ್ಬಿಗೆ ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ಹಿರಿಯರು ಅಭ್ಯಾಸದಂತೆ ಆರಿಸುತ್ತಾರೆ, ಬಲ್ಬ್ ಸಂಪರ್ಕದಿಂದ ಹೊರಗೆ. ಅದರ ಬದಲು ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ನಡೆದಾಡಿದರೆ ತಾನೇ ಹೊತ್ತಿಕೊಳ್ಳುವ ದೀಪ ಹಾಕಿಸಿ. ಅದಕ್ಕೆ ಇಂಟರ್ನೆಟ್ ಕೂಡ ಬೇಡ. ನಾನು ಹಾಕಿಕೊಟ್ಟ ಸಾಧನಗಳಲ್ಲಿ ಹಿರಿಯರು ಅತಿ ಹೆಚ್ಚು ಮೆಚ್ಚಿದ್ದು ಇದನ್ನೇ.

ಕ್ಯಾಮೆರಾ ಹಾಕುವುದಾದರೆ ಕಾರ್ಖಾನೆಯಿಂದಲೇ ಹಾಕಿ ಬಂದಿರುವ ಪಾಸ್‌ವರ್ಡನ್ನು ಅಂದೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ವಶಪಡಿಸಿಕೊಂಡದ್ದು ಬದಲಿಸದೆ ಬಿಟ್ಟ ಪಾಸ್‌ವರ್ಡ್‌ಗಳ ಮೂಲಕವೇ. ಅದಕ್ಕಿಂತ ಮೊದಲು ತಾಯಿಯವರ ಒಪ್ಪಿಗೆ ಕೇಳಿ. ಅದು ಅವರ ಮನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಅಮ್ಮನ ಜೊತೆ ಕೂತು ಮಾತನಾಡಿದೆ. ಕ್ಯಾಮೆರಾ ಬೇಡವೇ ಬೇಡ ಎಂದರು, ಬಿಟ್ಟೆ. ದೀಪಕ್ಕೆ ಖುಷಿಪಟ್ಟರು. ಅಂಕಿಗಳು ದೊಡ್ಡದಾಗಿ ಕಾಣುವುದಾದರೆ ವಾಚ್ ಕಟ್ಟಿಕೊಳ್ಳುತ್ತಾರಂತೆ. ಕಿವಿಯ ಪರೀಕ್ಷೆಗೂ ಒಪ್ಪಿದ್ದಾರೆ. ಒಂದೇ ಅನುಮಾನ: ಅವರ ಚರ್ಮ ಸೂಕ್ಷ್ಮ, ದಿನವಿಡೀ ಕಟ್ಟಿದರೆ ತುರಿಕೆಯಾಗದೇ?

ತಂದೆಗೆ ಕೊಡಿಸಿದ ಮಗಳು

ಅಪ್ಪನಿಗೂ ಆಗಿತ್ತು. ಪಟ್ಟಿಯಡಿ ಸೋಪು, ಬೆವರು ನಿಂತಿದ್ದೇ ಕಾರಣವಾಗಿತ್ತು. ಪಟ್ಟಿಯನ್ನು ತೊಳೆದು ಒಣಗಿಸಿ, ಕೈಯನ್ನೂ ಚೆನ್ನಾಗಿ ಒರೆಸಿಕೊಂಡು ಕಟ್ಟಲು ಹೇಳಿ. ರಬ್ಬರಿನ ಪಟ್ಟಿಯ ಬದಲು ಮೃದುವಾದ ಬಟ್ಟೆಯ ಪಟ್ಟಿ ಹಾಕಿಸಿದೆವು, ವಾರದಲ್ಲಿ ಕೆಂಪು ಹೋಯಿತು. ಹೋಗದಿದ್ದರೆ ಬಿಚ್ಚಿಟ್ಟು ಚರ್ಮದ ವೈದ್ಯರಿಗೆ ತೋರಿಸಿ.